ತರುಣ ಸವಾರನ ಬೇಸಗೆ

ಪಟ್ಟಣವಾಸಿಗಳಾದ ನಮಗೆ ಬೇಸಗೆಯೆಂದರೆ ಪರೀಕ್ಷೆಗಳ ಮುಕ್ತಾಯ, ಮಾವಿನ ಹಣ್ಣು, ನೆಂಟರ ಮನೆಯ ಪ್ರಯಾಣ. ಆದರೆ ನಾಡಿನ ವಾಯವ್ಯದ ಅಂಚಿನಲ್ಲಿ, ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಬಯಲನ್ನು ಹಂಚಿಕೊಂಡಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಬೇಸಗೆಗೆ ಮತ್ತೊಂದು ಅರ್ಥವುಂಟು. ಕಬ್ಬು ಕಾರ್ಖಾನೆಗೆ ಸಾಗಿ, ಜೋಳದ ರಾಶಿ ಮುಗಿದು, ಹೊಲಗಳು ಬರಿದಾದ ಮೇಲೆ ಅಲ್ಲಿ ಜಾತ್ರೆ ಉರುಸುಗಳ ಸಾಲು ತೊಡಗುತ್ತದೆ. ಜಾತ್ರೆಯ ಬೆನ್ನಿಗೇ ಶರ್ಯತ್ತು ಬರುತ್ತದೆ. ಎತ್ತಿನ ಗಾಡಿಯ ಶರ್ಯತ್ತು, ಕುದುರೆ ಗಾಡಿಯ ಶರ್ಯತ್ತು, ಒಂದೇ ನೊಗಕ್ಕೆ ಎತ್ತನ್ನೂ ಕುದುರೆಯನ್ನೂ ಹೂಡಿ ಓಡಿಸುವ ಶರ್ಯತ್ತು, ಕುದುರೆಯ ಬೆನ್ನೇರಿ ಹೋಗುವ ಸವಾರರ ಶರ್ಯತ್ತು, ಹೀಗೆ ಅದರಲ್ಲಿ ಹಲವು ಬಗೆ.

ಶರ್ಯತ್ತೆಂಬ ಮಾತು ನಾವು ನಿತ್ಯ ಬಳಸುವ ಷರತ್ತೆಂಬ ಮಾತಿನ ಒಡಹುಟ್ಟು. ಎರಡೂ ಅರಬ್ಬಿ ಮೂಲದಿಂದ ಬಂದವು. ಗಡಿಸೀಮೆಯಲ್ಲಿ ಒಂದು ಪಂದ್ಯವಾಯಿತು, ಉಳಿದೆಡೆ ಇನ್ನೊಂದು ಕಟ್ಟಳೆಯಾಗಿ ನಿಂತಿತು. ಪಂದ್ಯವೂ ಕಟ್ಟಳೆಯೂ ಒಂದೇ ಬೇರಿನಿಂದ ಹುಟ್ಟಿದವೆಂಬುದನ್ನು ಶ್ರೋತೃಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ಬಿನ್ನಹ. ಇಂದು ನಾವು ಹೇಳಬೇಕೆಂದಿರುವುದೆಲ್ಲವೂ ಅದರೊಳಗೆ ಅಡಗಿದೆ.

ಕುದುರೆ ಈ ಸೀಮೆಗೆ ಹೊಸದಾಗಿ ಬಂದ ಶೋಕಿಯ ವಸ್ತುವಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಲಕ್ಷಣ, ಪೋಷಣೆಗಳನ್ನೂ, ಕುದುರೆಯೇರಿ ಚೆಂಡಾಡುವ ವಿನೋದವನ್ನೂ ವಿವರವಾಗಿ ಬರೆದಿದ್ದಾನೆ. ಮುಂದೆ ಅಭಿನವಚಂದ್ರನೆಂಬ ಕವಿ ಕುದುರೆಗಳ ಚಿಕಿತ್ಸೆಯನ್ನು ಕುರಿತು ಕನ್ನಡದಲ್ಲಿಯೇ ಗ್ರಂಥ ರಚಿಸಿದನು. ಮರಾಠರ ಕಾಲದಲ್ಲಿ ರಾವುತರ ದಂಡು ಈ ಬಯಲುಗಳನ್ನು ತುಳಿಯಿತು. ನಿಪ್ಪಾಣಿಯ ದೇಸಾಯಿಗಳಾದ ನಿಂಬಾಳಕರರಿಗೆ ಪೇಶ್ವೆಯಿಂದ ಬಂದ ‘ಸರಲಷ್ಕರ’ ಎಂಬ ಬಿರುದು ದಂಡಿನ ಬಿರುದೇ. ರಾಯಬಾಗವು ೧೯೪೯ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಮರಾಠರ ದಂಡುಗಳಿಗೆ ಬೆನ್ನುಕೊಟ್ಟ ಭೀಮಥಡಿ ಎಂಬ ದಖ್ಖನಿನ ಗಿಡ್ಡ, ಗಟ್ಟಿಮುಟ್ಟಾದ ತಳಿಯನ್ನು ಈಚೆಗೆ ಭಾರತದ ಕುದುರೆಗಳ ಎಂಟನೆಯ ತಳಿಯೆಂದು ಅಧಿಕೃತವಾಗಿ ದಾಖಲಿಸಿದ್ದಾರೆ. ದಂಡು ಹೋಯಿತು, ಸಂಸ್ಥಾನಗಳು ಹೋದವು. ಕುದುರೆಯ ಮೇಲಣ ಮೋಹ ಮಾತ್ರ ಜಾತ್ರೆಯ ಮೈದಾನದಲ್ಲಿ ಉಳಿದುಕೊಂಡಿದೆ. ಚಿಂಚಲಿಯ ಮಾಯಕ್ಕನ ಮಾಘಮಾಸದ ಜಾತ್ರೆಗೆ ಗಡಿಯಾಚೆಯಿಂದಲೂ ಗಾಡಿ ಹೂಡಿಕೊಂಡು ಬರುವ ಜನಸ್ತೋಮವನ್ನು ಕಂಡವರಿಗೆ ಈ ಮೋಹದ ಆಳ ತಿಳಿದೀತು.

ಈ ಮೈದಾನದಲ್ಲಿ ಕುದುರೆಯ ಬೆನ್ನ ಮೇಲೆ ಕೂರುವವನು ಬಹುಮಟ್ಟಿಗೆ ಹುಡುಗ. ಮೈ ಹಗುರ, ಅಂಜಿಕೆ ಕಡಿಮೆ, ಎಂಬುದೇ ಅದಕ್ಕೆ ಕಾರಣ. ನಾವು ಯಾವನೊಬ್ಬನ ಹೆಸರನ್ನೂ ಹೇಳುವುದಿಲ್ಲ. ಹದಿನಾರು ವರ್ಷದ ಒಬ್ಬನನ್ನು ಭಾವಿಸಿಕೊಳ್ಳೋಣ. ಹತ್ತನೆಯ ತರಗತಿಯ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿರುವವನು. ಕುದುರೆ ಅವನದಲ್ಲ, ಅವನ ಕಾಕಾನದು. ಯುಗಾದಿಯಿಂದ ಕಾರಹುಣ್ಣಿಮೆಯವರೆಗೆ ಅದರ ಹೊಣೆ ಈ ಹುಡುಗನದು. ಓಟ ಕೆಲವು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಜನ ನೋಡುವುದು ಆ ನಿಮಿಷಗಳನ್ನು; ನಾವಿಂದು ನೋಡಬೇಕಾದುದು ಅವುಗಳ ಹಿಂದಿರುವ ತಿಂಗಳುಗಳನ್ನು.

ಅವನ ದಿನ ನಸುಕಿನಲ್ಲಿಯೇ ಆರಂಭವಾಗುತ್ತದೆ. ಅಥಣಿಯ ಕಡೆ ಏಪ್ರಿಲ್ ಮೇ ತಿಂಗಳುಗಳಲ್ಲಿ ಹೊತ್ತು ಏರಿತೆಂದರೆ ನೆಲ ಕಾದ ಹಂಚಾಗುವುದರಿಂದ ವ್ಯಾಯಾಮವೆಲ್ಲ ಬಿಸಿಲೇರುವ ಮುನ್ನ ಮುಗಿಯಬೇಕು. ಮೊದಲು ಗೊರಸನ್ನೆತ್ತಿ ಕಲ್ಲು, ಸಗಣಿ, ಕೊಳೆಯನ್ನು ಕೆರೆದು ತೆಗೆಯುತ್ತಾನೆ. ಲಾಳ ಸಡಿಲಾಗಿದ್ದರೆ ನಾಲಬಂದನಿಗೆ ಹೇಳಿಕಳುಹಿಸಬೇಕು. ಆರು ವಾರಗಳಿಗೊಮ್ಮೆಯಾದರೂ ಗೊರಸು ಕತ್ತರಿಸಿ ಲಾಳ ಬದಲಿಸದಿದ್ದರೆ ನಡೆ ಕೆಡುತ್ತದೆ. ಆಮೇಲೆ ಮೈಯುಜ್ಜುವುದು. ಉಜ್ಜುವುದು ಕೇವಲ ಹೊಳಪಿಗಲ್ಲ. ನಿತ್ಯ ಅಂಗೈಯಾಡಿಸಿದ ಮೈಯಲ್ಲಿ ಹೊಸದಾಗಿ ಹುಟ್ಟಿದ ಬಾವು, ಬಿಸಿ, ನೋವು ಕೈಗೆ ತಾನೇ ತಿಳಿಯುತ್ತದೆ. ಮುಂಗಾಲಿನ ಹಿಂಬದಿಯ ನರದ ಮೇಲೆ ಬೆರಳೆಳೆದು, ಒಂದು ಕಾಲಿಗಿಂತ ಇನ್ನೊಂದು ಬಿಸಿಯಾಗಿದೆಯೆಂದು ಕಂಡುಹಿಡಿಯುವುದು ಯಾವ ಪುಸ್ತಕದಿಂದಲೂ ಬರುವ ವಿದ್ಯೆಯಲ್ಲ.

ಆಹಾರದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಕುದುರೆಯ ಮೈ ದೊಡ್ಡದು, ಜಠರ ಚಿಕ್ಕದು. ಅಲ್ಲದೆ ತಿಂದುದನ್ನು ವಾಂತಿ ಮಾಡಿಕೊಳ್ಳುವ ಶಕ್ತಿ ಆ ಪ್ರಾಣಿಗಿಲ್ಲ. ಶರ್ಯತ್ತು ಹತ್ತಿರ ಬಂತೆಂಬ ಆತುರದಲ್ಲಿ ನೆನೆಸಿದ ಕಡಲೆ, ಬೇಯಿಸಿದ ಹುರುಳಿಗಳನ್ನು ಒಮ್ಮೆಗೇ ಹೆಚ್ಚಾಗಿ ತಿನ್ನಿಸಿದರೆ ಹೊಟ್ಟೆಶೂಲೆ ಬಂದು ರಾತ್ರಿ ಬೆಳಗಾಗುವುದರೊಳಗೆ ಪ್ರಾಣವೇ ಹೋಗಬಹುದು. ಬಲ್ಲವರು ಹುಲ್ಲನ್ನೇ ಮುಖ್ಯವಾಗಿಟ್ಟು, ಕಾಳನ್ನು ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಮೂರು ನಾಲ್ಕು ಸಲ ಹಂಚಿ ಕೊಡುತ್ತಾರೆ. ಬೇಸಗೆಯಲ್ಲಿ ಒಂದು ಕುದುರೆ ೪೦-೫೦ ಲೀಟರು ನೀರನ್ನು ಕುಡಿದುಬಿಡಬಹುದು. ಮನುಷ್ಯನಂತೆಯೇ ಅದೂ ಬೆವರುತ್ತದೆ; ಬೆವರಿನೊಡನೆ ಉಪ್ಪೂ ಹೋಗುತ್ತದೆ. ಆದುದರಿಂದ ದಾಣಿಯೊಡನೆ ಉಪ್ಪು ತಪ್ಪಬಾರದು. ಕತ್ತಿನ ಬಳಿಯ ತೊಗಲನ್ನು ಚಿವುಟಿ ಬಿಟ್ಟಾಗ ಅದು ಥಟ್ಟನೆ ಮೊದಲಿನಂತಾಗದೆ ಮಡಿಕೆಯಾಗಿ ನಿಂತರೆ ಮೈಯಲ್ಲಿ ನೀರು ಸಾಲದೆಂದು ತಿಳಿಯಬೇಕು.

ಇನ್ನು ವ್ಯಾಯಾಮ. ಮೊದಲ ವಾರಗಳಲ್ಲಿ ನಡಿಗೆ, ಅನಂತರ ದುಡಿಕಿ, ಬಹಳ ದಿನಗಳಾದ ಮೇಲೆ ನಾಗಾಲೋಟ. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ ೨೮ರಿಂದ ೪೪ರವರೆಗೆ ಬಡಿಯುತ್ತದೆ. ನಾಗಾಲೋಟದಲ್ಲಿ ಅದು ೨೦೦ನ್ನು ದಾಟುತ್ತದೆ. ಓಟ ನಿಂತ ಬಳಿಕ ಹದಿನೈದು ಇಪ್ಪತ್ತು ನಿಮಿಷಗಳೊಳಗೆ ೬೪ರ ಆಸುಪಾಸಿಗೆ ಇಳಿದರೆ ಕುದುರೆ ಪಳಗುತ್ತಿದೆಯೆಂದು ಅರ್ಥ. ದವಡೆಯ ಕೆಳಗೆ ಎರಡು ಬೆರಳನ್ನಿಟ್ಟು ಗಡಿಯಾರ ನೋಡಬಲ್ಲ ಹುಡುಗನಿಗೆ ಇದನ್ನು ತಿಳಿಯಲು ವೈದ್ಯರ ನೆರವೂ ಬೇಕಿಲ್ಲ.

ಇಲ್ಲಿಯೇ ಈ ವಿದ್ಯೆಯ ಮರ್ಮವಿದೆ. ಕುದುರೆಯ ಉಸಿರೂ ಗುಂಡಿಗೆಯೂ ಕೆಲವೇ ವಾರಗಳಲ್ಲಿ ಗಟ್ಟಿಯಾಗುತ್ತವೆ. ಮೂಳೆ, ಕಂಡರಗಳು ಗಟ್ಟಿಯಾಗುವುದಕ್ಕೆ ತಿಂಗಳುಗಟ್ಟಲೆ ಬೇಕು. ಮುಂಗಾಲಿನ ಮಂಡಿಯ ಕೆಳಗೆ ಮಾಂಸಖಂಡವೆಂಬುದೇ ಇಲ್ಲ. ಬರಿಯ ಎಲುಬು ಮತ್ತು ಹುರಿಯಂಥ ಕಂಡರ. ನಾಗಾಲೋಟದ ಒಂದು ಕ್ಷಣದಲ್ಲಿ ಇಡೀ ಮೈಯ ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ವೇಗದ ದೆಸೆಯಿಂದ ಆ ಭಾರ ತೂಕದ ಎರಡರಷ್ಟನ್ನೂ ಮೀರುತ್ತದೆ. ಹೀಗಾಗಿ ಓಡಲು ಉಸಿರು ಸಿದ್ಧವಾಗಿ, ಕಾಲು ಇನ್ನೂ ಸಿದ್ಧವಾಗದೆ ಇರುವ ಒಂದು ಅವಧಿ ಪ್ರತಿಯೊಂದು ಕುದುರೆಗೂ ಬರುತ್ತದೆ. ಅದು ಕುಣಿಯುತ್ತದೆ, ಲಗಾಮನ್ನು ಜಗ್ಗುತ್ತದೆ, ಓಡಿಸೆಂದು ಬೇಡುವಂತೆ ಕಾಣುತ್ತದೆ. ನೋಡಿದವರು ತಯಾರಾಯಿತೆನ್ನುತ್ತಾರೆ. ಕಾಲು ಮುರಿಯುವುದು, ಕಂಡರ ಹರಿಯುವುದು ಈ ಅವಧಿಯಲ್ಲಿಯೇ.

ಹದಿನಾರರ ಹುಡುಗನ ಸ್ಥಿತಿಯೂ ಇದಕ್ಕೆ ಬೇರೆಯಲ್ಲ. ಧೈರ್ಯ ಅವನಿಗೆ ಒಂದು ವಾರದಲ್ಲಿ ಬರುತ್ತದೆ. ವಿವೇಕ ವರ್ಷಗಳಲ್ಲಿ ಬರುತ್ತದೆ. ಸಿದ್ಧವಾದಂತೆ ಕಾಣುವ ಎರಡು ಎಳೆಯ ಜೀವಗಳು ಒಂದರ ಮೇಲೊಂದು ಕುಳಿತು, ಸಾವಿರಾರು ಜನರ ಕೇಕೆಯ ನಡುವೆ, ಮಗ್ಗುಲಲ್ಲಿ ಮೋಟಾರು ಸೈಕಲುಗಳು ಬೆನ್ನಟ್ಟುತ್ತಿರಲು ಓಡುತ್ತವೆ. ಹುಡುಗನ ತಲೆಯ ಮೇಲೆ ಹಲವು ವೇಳೆ ಬರಿಯ ರುಮಾಲು, ಇಲ್ಲವೆ ಅದೂ ಇಲ್ಲ. ಇಲ್ಲಿ ಪಣಕ್ಕಿಟ್ಟಿರುವುದು ಬಹುಮಾನದ ಹಣವಷ್ಟೇ ಎಂದು ತಿಳಿದವರು ಪಣವನ್ನೇ ಅರಿತಿಲ್ಲ.

ನಮ್ಮ ಹುಡುಗನಿಗೆ ಮೇ ತಿಂಗಳ ಒಂದು ಮುಂಜಾನೆ ಮುಂಗಾಲು ಬಿಸಿಯಾಗಿ ಕಂಡಿತೆನ್ನೋಣ. ಕುಂಟುತ್ತಿಲ್ಲ, ಬೇರೆ ಯಾರ ಕಣ್ಣಿಗೂ ಏನೂ ಕಾಣದು. ಆ ಮಧ್ಯಾಹ್ನವೇ ಶರ್ಯತ್ತು. ಪ್ರವೇಶದ ಹಣ ಕಟ್ಟಿಯಾಗಿದೆ, ಊರ ಜನ ಟ್ರ್ಯಾಕ್ಟರುಗಳಲ್ಲಿ ಹೊರಟುನಿಂತಿದ್ದಾರೆ. “ಇವತ್ತ ಓಡಸೂದು ಬ್ಯಾಡ್ರಿ ಕಾಕಾ, ಮುಂಗಾಲ ಬಿಸಿ ಐತ್ರಿ” ಎಂದು ಹೇಳಲು ಅವನಿಗೆ ಬಾಯಿ ಬರುವುದೇ? ಬಂದರೆ, “ಆತಪಾ, ಬಿಡು” ಎಂದು ಕಾಕಾ ಒಪ್ಪುವನೇ? ಅವನ ಬೇಸಗೆಯ ನಿಜವಾದ ಪರೀಕ್ಷೆ ಇದು. ಗೆದ್ದವನಿಗೆ ಗುಲಾಲು, ಢಾಲು, ಮೆರವಣಿಗೆ ಎಲ್ಲವೂ ಉಂಟು. ಓಡಿಸದೆ ಕುದುರೆಯನ್ನು ಉಳಿಸಿದವನಿಗೆ ಮೈದಾನದಲ್ಲಿ ಯಾವ ಮರ್ಯಾದೆಯೂ ಇಲ್ಲ. ಕೊರತೆ ಹುಡುಗರದಲ್ಲ, ಮರ್ಯಾದೆ ಹಂಚುವ ಹಿರಿಯರದು.

ಕಾನೂನು ಏನನ್ನುತ್ತದೆಂದು ಕೇಳಬಹುದು. ಪ್ರಾಣಿಗಳ ಮೇಲಣ ಕ್ರೌರ್ಯವನ್ನು ತಡೆಯುವ ೧೯೬೦ರ ಕಾನೂನಿನ ೧೧ನೆಯ ಕಲಮಿನಂತೆ ಪ್ರಾಣಿಯನ್ನು ಬಡಿಯುವುದು, ಶಕ್ತಿ ಮೀರಿ ಸವಾರಿ ಮಾಡುವುದು, ಶಕ್ತಿ ಮೀರಿ ಓಡಿಸುವುದು, ಹಾನಿಕರವಾದ ಮದ್ದನ್ನು ಕೊಡುವುದು ಇವೆಲ್ಲವೂ ಅಪರಾಧಗಳು. ಆದರೆ ಆ ಕಾನೂನು ಮೊದಲ ಅಪರಾಧಕ್ಕೆ ಗೊತ್ತುಮಾಡಿದ ದಂಡ ೧೦ರಿಂದ ೫೦ ರೂಪಾಯಿ ಮಾತ್ರ. ಸರ್ವೋಚ್ಚ ನ್ಯಾಯಾಲಯವು ೨೦೧೪ರ ಮೇ ೭ರಂದು ಜಲ್ಲಿಕಟ್ಟನ್ನೂ ಎತ್ತಿನ ಗಾಡಿಯ ಓಟಗಳನ್ನೂ ನಿಷೇಧಿಸಿತು. ಕರ್ನಾಟಕವು ೨೦೧೭ರಲ್ಲಿ ತಿದ್ದುಪಡಿ ತಂದು ಕಂಬಳಕ್ಕೂ ಎತ್ತುಗಳ ಓಟಕ್ಕೂ ಎಡೆಮಾಡಿಕೊಟ್ಟಿತು. ಐವರು ನ್ಯಾಯಾಧೀಶರ ಸಂವಿಧಾನ ಪೀಠವು ೨೦೨೩ರ ಮೇ ೧೮ರಂದು ಅದನ್ನು ಎತ್ತಿಹಿಡಿಯಿತು. ಆ ತಿದ್ದುಪಡಿ ಹೆಸರಿಸಿದ್ದು ಕೋಣವನ್ನು, ಎತ್ತನ್ನು, ಕುದುರೆಯನ್ನಲ್ಲ. ಕಾನೂನಿನ ಕೈ ಮೈದಾನದ ಗೆರೆಯವರೆಗೆ ತಲುಪೀತು. ಬಿಸಿಯಾದ ಮುಂಗಾಲಿನವರೆಗೆ ತಲುಪಬಲ್ಲುದು ಆ ಹುಡುಗನ ಕೈ ಒಂದೇ.

ಹಾಗಾದರೆ ಈ ಆಟವನ್ನೇ ನಿಲ್ಲಿಸಿಬಿಡಬೇಕೇ? ಹಾಗೆಂದು ನಾವು ಹೇಳಲಾರೆವು. ಮೂರು ತಿಂಗಳ ಕಾಲ ಮೂಕಪ್ರಾಣಿಯೊಂದರ ನಾಡಿ, ನೀರು, ಗೊರಸುಗಳ ಹೊಣೆಯನ್ನು ಹೊತ್ತು, ನಸುಕಿನಲ್ಲಿ ತಾನಾಗಿಯೇ ಏಳುವ ಅಭ್ಯಾಸವನ್ನು ಕಲಿಸುವ ಪಾಠಶಾಲೆ ನಮ್ಮಲ್ಲಿ ಹೆಚ್ಚಿಲ್ಲ. ಅಲ್ಲದೆ ಈ ವಿದ್ಯೆ ಲೋಕದಲ್ಲಿ ಎಷ್ಟು ಎತ್ತರಕ್ಕೆ ಹೋಗಬಲ್ಲುದೆಂಬುದಕ್ಕೆ ನಿದರ್ಶನವೂ ಕರ್ನಾಟಕದಲ್ಲಿಯೇ ಇದೆ. ಕುದುರೆಗಳ ವೈದ್ಯರ ಮಗನಾದ ಬೆಂಗಳೂರಿನ ಫವಾದ್ ಮಿರ್ಜಾ ಅವರು ೨೦೧೮ರ ಜಕಾರ್ತಾ ಏಷ್ಯಾ ಕ್ರೀಡಾಕೂಟದಲ್ಲಿ ಬೆಳ್ಳಿಯ ಪದಕವನ್ನು ಗೆದ್ದು, ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ೨೩ನೆಯವರಾಗಿ ನಿಂತರು. ೨೦೨೩ರಲ್ಲಿ ಹಾಂಗ್‌ಝೌ ನಗರದಲ್ಲಿ ಕುದುರೆಯ ನಡೆಗಾರಿಕೆಯ ಪಂದ್ಯದಲ್ಲಿ ಚಿನ್ನವನ್ನು ತಂದ ನಾಲ್ವರು ಭಾರತೀಯರಲ್ಲಿ ಇಬ್ಬರು ತರುಣಿಯರು.

ಮಿರ್ಜಾ ಅವರು ಸ್ಪರ್ಧಿಸಿದುದು ನಡೆ, ದೂರದ ಓಟ, ಜಿಗಿತ ಎಂಬ ಮೂರು ಭಾಗಗಳ ಪಂದ್ಯದಲ್ಲಿ. ಅದರಲ್ಲಿ ನಾವು ಗಮನಿಸತಕ್ಕ ಒಂದು ನಿಯಮವಿದೆ. ದೂರದ ಓಟವಾದ ಮೇಲೆ ವೈದ್ಯರು ಕುದುರೆಯನ್ನು ನಡೆಸಿ ನೋಡುತ್ತಾರೆ. ಹೆಜ್ಜೆ ತಪ್ಪಿದರೆ, ಅದುವರೆಗೆ ಎಷ್ಟೇ ಮುಂದಿದ್ದರೂ, ಆ ಸವಾರನ ಪಂದ್ಯ ಅಲ್ಲಿಗೆ ಮುಗಿಯಿತು. ಕುದುರೆಯ ಕ್ಷೇಮವನ್ನು ಗೆಲವಿನ ಒಂದು ಅಂಗವಾಗಿ ಮಾಡಿದ ಷರತ್ತು ಇದು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಒಬ್ಬ ಪಶುವೈದ್ಯರು, ಇಪ್ಪತ್ತು ಗಜದ ಗಟ್ಟಿ ನೆಲ ಇದ್ದರೆ ಸಾಕು.

ನಮ್ಮ ಜಾತ್ರಾ ಕಮಿಟಿಗಳು ಇಂಥ ನಾಲ್ಕೈದು ಷರತ್ತುಗಳನ್ನು ತಾವಾಗಿಯೇ ಹಾಕಿಕೊಳ್ಳಬಹುದು. ಓಟ ಬೆಳಗಿನ ತಂಪಿನಲ್ಲಿ ನಡೆಯಲಿ. ಓಟಕ್ಕೆ ಮೊದಲೂ ಆಮೇಲೂ ಪಶುವೈದ್ಯರ ತಪಾಸಣೆಯಾಗಲಿ. ಎಲ್ಲ ಹಲ್ಲೂ ಬಾರದ, ಐದು ವರ್ಷ ತುಂಬದ ಕುದುರೆಯನ್ನು ಬಿಡದಿರಲಿ. ಶಿರಸ್ತ್ರಾಣವಿಲ್ಲದ ಹುಡುಗನನ್ನು ಗೆರೆಯ ಬಳಿಗೇ ಸೇರಿಸದಿರಲಿ. ಬಾರುಕೋಲು, ಮೋಟಾರು ಸೈಕಲುಗಳು ಮೈದಾನದ ಹೊರಗೆ ನಿಲ್ಲಲಿ. ಕೊನೆಯದಾಗಿ, ವೇಗಕ್ಕೆ ಬಹುಮಾನವಿರುವಂತೆ ಪಾಲನೆಗೂ ಒಂದು ಬಹುಮಾನವಿರಲಿ. ದನದ ಪ್ರದರ್ಶನಗಳಲ್ಲಿ ಒಳ್ಳೆಯ ರಾಸನ್ನು ಆರಿಸುವಂತೆ ಕುದುರೆಗಳನ್ನು ಸಾಲಾಗಿ ನಿಲ್ಲಿಸಿ, ಗೊರಸು, ಹಲ್ಲು, ತೊಗಲು, ನಡೆ, ಸವಾರನ ಮಾತಿಗೆ ಅದು ಕಿವಿಗೊಡುವ ರೀತಿ ಇವನ್ನೆಲ್ಲ ನೋಡಿ, ಕುದುರೆಯನ್ನು ಸಾಕಿದ ಹುಡುಗನ ಕೈಗೇ ಅದನ್ನು ಕೊಡಲಿ. ಆ ಬಹುಮಾನ ಜನರ ಕಣ್ಣಲ್ಲಿ ದೊಡ್ಡದಾದ ದಿನ, ಮುಂಗಾಲು ಬಿಸಿಯಾಗಿದೆಯೆಂದು ಹೇಳುವ ಬಾಯಿ ಹುಡುಗನಿಗೆ ತಾನಾಗಿಯೇ ಬರುತ್ತದೆ.

ಗ್ರೀಸಿನ ಕ್ಸೆನೊಫನ್ ಸುಮಾರು ೨,೩೦೦ ವರ್ಷಗಳಿಗೂ ಹಿಂದೆ ಸವಾರಿಯ ಮೇಲೊಂದು ಗ್ರಂಥವನ್ನು ಬರೆದನು. ಬಲಾತ್ಕಾರದಿಂದ ಮಾಡಿಸಿದ್ದರಲ್ಲಿ ಕುದುರೆಗೆ ಅರ್ಥವೂ ತಿಳಿಯದು, ಅಂದವೂ ಇರದು ಎಂಬುದು ಅವನ ಅಭಿಪ್ರಾಯ. ನಮ್ಮ ಗಡಿಸೀಮೆಯ ಒಳ್ಳೆಯ ಸವಾರರು ಅವನ ಹೆಸರನ್ನು ಕೇಳಿರಲಾರರು. ಆದರೆ ಅವನು ಕಂಡ ಸತ್ಯವನ್ನು ಅವರ ಅಂಗೈ ಬಲ್ಲುದು. ವಿದ್ಯಾವಂತರಾದ ನಾವು ಈ ಆಟವನ್ನು ಹಳ್ಳಿಗರ ಹುಚ್ಚೆಂದು ಮೂಗು ಮುರಿಯುವುದರಿಂದ ಒಂದು ಕುದುರೆಯ ಕಾಲೂ ಉಳಿಯದು, ಒಬ್ಬ ಹುಡುಗನ ತಲೆಯೂ ಉಳಿಯದು. ಬೇಸಗೆಯಲ್ಲಿ ಆ ಕಡೆ ಹೋದಾಗ ಮೈದಾನಕ್ಕೆ ಹೋಗೋಣ. ಗೆದ್ದವನಿಗೆ ಚಪ್ಪಾಳೆ ತಟ್ಟುವ ಮುನ್ನ ಅವನ ಕುದುರೆ ಹೇಗೆ ನಡೆಯುತ್ತಿದೆಯೆಂದು ನೋಡೋಣ. ಓಡಿಸದೆ ಕುದುರೆಯನ್ನು ಮನೆಗೆ ನಡೆಸಿಕೊಂಡು ಹೊರಟವನಾರಾದರೂ ಕಂಡರೆ, ನಮ್ಮ ಮೊದಲ ಚಪ್ಪಾಳೆ ಅವನದಾಗಲಿ.