ಗಡಿಯೊಳಗಿನ ಕಳೆ: ಬಿಳಿಗಿರಿಯ ಕಾಡು ಮತ್ತು ಲಂಟಾನ



ಕಾಡಿನ ಮಾತು ಬಂದಾಗಲೆಲ್ಲ ಹುಲಿ ಎಷ್ಟು, ಆನೆ ಎಷ್ಟು ಎಂದು ಕೇಳುತ್ತೇವೆ. ಅವು ಬಾಳುವ ನೆಲದಲ್ಲಿ ಏನು ಬೆಳೆದಿದೆ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಯನ್ನು ಇಂದು ಬಿಳಿಗಿರಿರಂಗನ ಬೆಟ್ಟದ ಕಾಡನ್ನು ಮುಂದಿಟ್ಟುಕೊಂಡು ಕೇಳಬಯಸುತ್ತೇನೆ. ನಾನು ಹೇಳಬೇಕಾದದ್ದು ಇಷ್ಟು: ಗಡಿ ಗುರುತಿಸಿ ಜನರನ್ನು ದೂರವಿಟ್ಟ ಮಾತ್ರಕ್ಕೆ ಕಾಡು ಉಳಿಯುವುದಿಲ್ಲ. ಅದನ್ನು ಬಲ್ಲವರು ಅದರ ಆರೈಕೆಯಲ್ಲಿ ಸದಾ ತೊಡಗಿರಬೇಕು.

1. ಹೂವಿನ ಗಿಡವಾಗಿ ಬಂದದ್ದು

ಈ ಕಾಡಿನ ನೆಲದಲ್ಲಿ ಇಂದು ದಟ್ಟವಾಗಿ ಬೆಳೆದಿರುವ ಪೊದೆಗಿಡ ಲಂಟಾನ. ಅದರ ತವರು ಉಷ್ಣವಲಯದ ಅಮೆರಿಕ. 19ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಅದನ್ನು ಅಲಂಕಾರಕ್ಕೆಂದು ಇಲ್ಲಿಗೆ ತಂದರು. ಮೊದಲು ಕಲ್ಕತ್ತೆಯ ಸಸ್ಯೋದ್ಯಾನ, ಆಮೇಲೆ ಬಂಗಲೆಗಳ ಅಂಗಳ, ತೋಟದ ಬೇಲಿ, ಕೊನೆಗೆ ಕಾಡು. ಪಿಕಳಾರದಂಥ ಹಕ್ಕಿಗಳು ಅದರ ಕಪ್ಪು ಹಣ್ಣು ತಿಂದು ಬೀಜವನ್ನು ದೂರಕ್ಕೆ ಒಯ್ಯುತ್ತವೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಎಲೆ ದನಕರುಗಳಿಗೆ ವಿಷ. ಪೊದೆ ದಟ್ಟವಾದ ಕಡೆ ಬಿಸಿಲು ನೆಲ ಮುಟ್ಟುವುದಿಲ್ಲ, ಹುಲ್ಲು ಹುಟ್ಟುವುದಿಲ್ಲ, ಮರದ ಸಸಿಗಳು ಮೇಲೇಳುವುದಿಲ್ಲ. ಜಿಂಕೆಗೂ ಕಾಟಿಗೂ ಅಲ್ಲಿ ಮೇವಿಲ್ಲ. ಅವುಗಳನ್ನೇ ನಂಬಿದ ಹುಲಿಯ ಬದುಕೂ ಕೊನೆಗೆ ಈ ಹುಲ್ಲಿನ ಮೇಲೆಯೇ ನಿಂತಿದೆ.

2. ಹನ್ನೊಂದು ವರ್ಷದ ಲೆಕ್ಕ

ಬಿಳಿಗಿರಿಯ ಕಾಡು 1974ರಲ್ಲಿ ವನ್ಯಜೀವಿಧಾಮವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಇಲ್ಲಿ ಸಂಶೋಧಕರು 1997ರಲ್ಲಿ ಸಸ್ಯಗಳ ಲೆಕ್ಕ ಹಿಡಿದ ತಾಣಗಳಿಗೇ 2008ರಲ್ಲಿ ಮರಳಿ ಹೋಗಿ ನೋಡಿದರು. ಮೊದಲು ಶೇ. 41ರಷ್ಟು ತಾಣಗಳಲ್ಲಿದ್ದ ಲಂಟಾನ ಶೇ. 81ಕ್ಕೆ ಹಬ್ಬಿತ್ತು. ಈ ಹನ್ನೊಂದು ವರ್ಷವೂ ಕಾಡು ಕಾನೂನಿನ ರಕ್ಷಣೆಯಲ್ಲೇ ಇತ್ತು. ಕೊಡಲಿಯನ್ನೂ ಕೋವಿಯನ್ನೂ ತಡೆಯಬಲ್ಲ ಕಾನೂನಿಗೆ ಹಕ್ಕಿಯ ಹೊಟ್ಟೆಯಲ್ಲಿ ಬರುವ ಬೀಜವನ್ನು ತಡೆಯಲಾಗದು.

ಬಂಡೀಪುರ, ನಾಗರಹೊಳೆಗಳಲ್ಲೂ ಇದೇ ಕಥೆ. ವಯನಾಡಿನಲ್ಲಿ ನೆರಳಿಗೆಂದು ನೆಟ್ಟ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಈ ಕಾಡುಗಳಲ್ಲೂ ಈಗ ಬೇರೂರುತ್ತಿದೆ.

3. ಸೋಲಿಗರ ತರಗು ಬೆಂಕಿ

ಲಂಟಾನ ಯಾಕೆ ಹೀಗೆ ಹಬ್ಬಿತು ಎಂದು ಬೆಟ್ಟದ ಬುಡಕಟ್ಟಿನವರಾದ ಸೋಲಿಗರ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ಕೇಳಿದರೆ ಹಿರಿಯರು ಬೆಂಕಿಯ ಮಾತು ತೆಗೆಯುತ್ತಾರೆ. ಹಿಂದೆ ಬೇಸಿಗೆ ಬಲಿಯುವ ಮೊದಲೇ ಸೋಲಿಗರು ಒಣ ತರಗಿಗೆ ಬೆಂಕಿ ಇಡುತ್ತಿದ್ದರು. ತರಗು ಬೆಂಕಿ ನೆಲಮಟ್ಟದಲ್ಲಿ ಮೆಲ್ಲಗೆ ಸಾಗುತ್ತಿತ್ತು. ದೊಡ್ಡ ಮರಗಳನ್ನು ಸುಡದೆ ಎಳೆಯ ಕಳೆಯನ್ನು ಕೊಲ್ಲುತ್ತಿತ್ತು. ಮಳೆ ಬಿದ್ದೊಡನೆ ಹುಲ್ಲು ಹಸಿರಾಗುತ್ತಿತ್ತು. ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆಯೂ ಹತೋಟಿಯಲ್ಲಿತ್ತು ಎನ್ನುತ್ತಾರೆ ಅವರು. ವನ್ಯಜೀವಿಧಾಮವಾದ ಮೇಲೆ ಕಾಡಿನೊಳಗಿದ್ದ ಹಲವು ಪೋಡುಗಳನ್ನು ಸ್ಥಳಾಂತರಿಸಲಾಯಿತು, ಬೆಂಕಿ ನಿಂತಿತು. ಹರಡುವಿಕೆಗೆ ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಕಾಡಿನೊಳಗೇ ತಲೆಮಾರುಗಳನ್ನು ಕಳೆದವರ ತಿಳಿವಳಿಕೆಯನ್ನು ಬದಿಗಿಟ್ಟು ಯೋಜನೆ ರೂಪಿಸಿದ್ದು ನಮಗೆ ದುಬಾರಿಯಾಯಿತು ಎಂದು ಖಚಿತವಾಗಿ ಹೇಳುತ್ತೇನೆ.

ಹಾಗೆಂದು ಈಗ ಸುಮ್ಮನೆ ಬೆಂಕಿ ಇಡುವಂತಿಲ್ಲ. ಒಣಗಿದ ಲಂಟಾನದ ಪೊದೆ ಜ್ವಾಲೆಯನ್ನು ನೆಲದಿಂದ ಮರದ ನೆತ್ತಿಗೆ ಏರಿಸುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ನಾವು ಮರೆತಿಲ್ಲ. ಸುಟ್ಟ ಜಾಗದಲ್ಲಿ ಲಂಟಾನವೇ ಮತ್ತೆ ಚಿಗುರುತ್ತದೆ. ಮೊದಲು ಪೊದೆ ತೆಗೆಯಬೇಕು, ಹುಲ್ಲು ಮರಳಬೇಕು. ಆಮೇಲೆ, ಸೋಲಿಗರ ಜತೆ ಕೂತು, ಸಣ್ಣ ಬೆಂಕಿಯ ಪ್ರಯೋಗ ಮಾಡಬೇಕು.

4. ಕೀಳುವ ಕ್ರಮ

ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರ ತಂಡ ರೂಪಿಸಿದ ವಿಧಾನ ಸರಳವಾಗಿದೆ. ಗಿಡವನ್ನು ಮೇಲೆ ಕತ್ತರಿಸದೆ, ತಾಯಿಬೇರನ್ನು ಮಣ್ಣಿನೊಳಗೆ ಮೂರ್ನಾಲ್ಕು ಸೆಂಟಿಮೀಟರ್ ಕೆಳಗೆ ಕಡಿದು, ಪೊದೆಯನ್ನು ತಲೆಕೆಳಗಾಗಿಸಿ ಒಣಗಲು ಬಿಡುವುದು. ಆಗ ಅದು ಚಿಗುರುವುದಿಲ್ಲ. ಸೆನ್ನಾದ ದಾರಿ ಬೇರೆ: ದೊಡ್ಡ ಮರವನ್ನು ಕಡಿದರೆ ಬುಡದಿಂದ ಹತ್ತಾರು ಕೊಂಬೆ ಏಳುತ್ತವೆ, ಆದ್ದರಿಂದ ಸುತ್ತ ತೊಗಟೆ ಸುಲಿದು ನಿಂತಲ್ಲೇ ಒಣಗಿಸಬೇಕು, ಸಸಿಗಳನ್ನು ಬೇರುಸಹಿತ ಕೀಳಬೇಕು.

ಕೆಲಸ ಸೋಲುವುದು ಕಿತ್ತ ಮೇಲೆ. ಮಣ್ಣಿನಲ್ಲಿ ಹಳೆಯ ಬೀಜ ಇದ್ದೇ ಇರುತ್ತದೆ. ರಾಗಿ ಹೊಲಕ್ಕೆ ಒಂದೇ ಸಲ ಕುಂಟೆ ಹೊಡೆದು ಸುಮ್ಮನಾಗುವ ರೈತನಿಲ್ಲ; ಕಾಡಿನಲ್ಲಿ ಮಾತ್ರ ಒಂದು ವರ್ಷದ ಹಣ ಮುಗಿದೊಡನೆ ಕೆಲಸವೂ ಮುಗಿಯುತ್ತದೆ. ಇನ್ನೊಂದು ಎಚ್ಚರವೂ ಬೇಕು. ಪೊದೆಗಳಲ್ಲಿ ಈಗ ಹಕ್ಕಿಗಳೂ ಸಣ್ಣ ಪ್ರಾಣಿಗಳೂ ಆಸರೆ ಪಡೆದಿವೆ. ಒಮ್ಮೆಲೇ ಬೋಳಿಸದೆ ತುಂಡುತುಂಡಾಗಿ ತೆಗೆಯುತ್ತ, ಜತೆಗೇ ಸ್ಥಳೀಯ ಹುಲ್ಲು ಬಿತ್ತುತ್ತ ಹೋಗಬೇಕು.

ಕಿತ್ತದ್ದಕ್ಕೆ ಬೆಲೆಯೂ ಇದೆ. ಮಲೆಮಹದೇಶ್ವರ ಬೆಟ್ಟದ ಕಡೆ ಬುಡಕಟ್ಟಿನವರು ಲಂಟಾನದ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ನೀಲಗಿರಿಯ ಬುಡಕಟ್ಟು ಕುಶಲಕರ್ಮಿಗಳು ಅದೇ ಕಡ್ಡಿಯಿಂದ ಮಾಡಿದ ಆನೆಗಳು 2021ರಲ್ಲಿ ಲಂಡನ್ನಿನಲ್ಲೂ ಆಮೇಲೆ ಲಾಲ್‌ಬಾಗಿನಲ್ಲೂ ನಿಂತವು. ಇದರಿಂದ ಕಾಡಿನ ಕಳೆಯೆಲ್ಲ ಮುಗಿಯದು. ಆದರೆ ಕೀಳುವ ಕೈಗೆ ಕೂಲಿಯ ಜತೆ ಕಸುಬೂ ಗೌರವವೂ ಸಿಗುತ್ತವೆ.

5. ಆಗಬೇಕಾದದ್ದು

ನನ್ನ ಕೋರಿಕೆ ಮೂರು. ಒಂದು, ಕಳೆ ತೆಗೆದ ಪ್ರತಿ ತಾಣಕ್ಕೂ ಕನಿಷ್ಠ ಐದು ವರ್ಷ ಮರುಕಳೆ ಕೀಳುವ ಹಣವನ್ನು ಮೊದಲೇ ಮೀಸಲಿಡಬೇಕು. ಎರಡು, ಎಷ್ಟು ಹೆಕ್ಟೇರ್ ತೆಗೆದೆವು ಎಂಬುದರ ಜತೆ ಎಷ್ಟು ಹುಲ್ಲು, ಎಷ್ಟು ಸಸಿ ಮರಳಿತು ಎಂಬ ಲೆಕ್ಕವನ್ನೂ ಪ್ರತಿವರ್ಷ ಜನರ ಮುಂದಿಡಬೇಕು. ಮೂರು, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬಿಳಿಗಿರಿಯ ಸೋಲಿಗರ ಸಮುದಾಯ ಹಕ್ಕುಗಳಿಗೆ 2011ರಲ್ಲಿ ಮಾನ್ಯತೆ ಸಿಕ್ಕಿದೆ; ಕಾಡನ್ನು ಕಾಯುವ ಅಧಿಕಾರವೂ ಆ ಕಾಯ್ದೆಯಲ್ಲಿದೆ. ಎಲ್ಲಿ, ಯಾವಾಗ, ಹೇಗೆ ಕೀಳಬೇಕು ಎಂಬ ತೀರ್ಮಾನದಲ್ಲಿ ಅವರ ಗ್ರಾಮಸಭೆಗೆ ಅರಣ್ಯ ಇಲಾಖೆಯಷ್ಟೇ ಪಾಲು ಇರಬೇಕು.

ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಸಸ್ಯಶಾಸ್ತ್ರ ಓದಿ ಈ ಕಾಡುಗಳಿಗೆ ಹೋಗಲಿ, ಪೋಡಿನ ಹಿರಿಯರ ಜತೆ ನಡೆದು ಹುಲ್ಲುಗಳ ಹೆಸರು ಕಲಿಯಲಿ. ಹುಲ್ಲು, ಸಸಿ ಎಷ್ಟು ಮರಳಿತು ಎಂಬ ಲೆಕ್ಕ ಹಿಡಿಯುವವರು ನಮಗೆ ತುರ್ತಾಗಿ ಬೇಕಾಗಿದ್ದಾರೆ.