ಕಡದ ಷೇರು ಮತ್ತು ದಲ್ಲಾಳಿಯ ಆಯ್ಕೆ

(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಕೆಲವರು ಈಚೆಗೆ ಒಂದು ಪ್ರಶ್ನೆ ಕೇಳುತ್ತಿದ್ದಾರೆ: ಬೆಲೆ ಇಳಿಯುವುದೆಂದು ತೋರಿದಾಗ ಮಾರುವುದಕ್ಕೆ ಬೇಕಾದಷ್ಟು ಷೇರು ಒದಗಿಸಿಕೊಡುವ ದಲ್ಲಾಳಿ ಹೈದರಾಬಾದಿನಲ್ಲಿ ಯಾರು? ಹೆಸರು ಸೂಚಿಸುವುದು ನಮ್ಮ ಕೆಲಸವಲ್ಲ. ಆದರೆ ಆ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ಅವನು ಒದಗಿಸುವ ಷೇರು ಯಾರದು? ಇದನ್ನು ಕೇಳದೆ ದಲ್ಲಾಳಿಯನ್ನು ಆರಿಸಬಾರದೆಂಬುದೇ ಇಂದಿನ ನಮ್ಮ ಮಾತು.

ಈ ವ್ಯವಹಾರದ ತಿರುಳು ನಮಗೆ ಹೊಸದಲ್ಲ. ಕಲಬುರಗಿ, ಬೀದರ, ರಾಯಚೂರುಗಳ ಕಡೆಯಿಂದ ಬಂದವರಿಗೆ ಕಡವೆಂದರೇನೆಂದು ಹೇಳಬೇಕಾಗಿಲ್ಲ. ನೆರೆಯವನಿಂದ ಒಂದು ಚೀಲ ಜೋಳ ಕಡ ತಂದು ಇಂದಿನ ಬೆಲೆಗೆ ಮಾರಿ, ಸುಗ್ಗಿಯಲ್ಲಿ ಅಗ್ಗವಾದಾಗ ಕೊಂಡು ಹಿಂದಿರುಗಿಸಿದರೆ, ನಡುವಿನ ಹಣ ನಮಗೆ ಉಳಿಯುತ್ತದೆ. ಮಳೆ ಕೈಕೊಟ್ಟು ಬೆಲೆ ಏರಿತೋ, ಎಷ್ಟಾದರೂ ತೆತ್ತು ಕೊಂಡು ಕೊಡಲೇಬೇಕು. ಕೊಂಡಿಟ್ಟ ಷೇರಿನ ಬೆಲೆ ಸೊನ್ನೆಗಿಂತ ಕೆಳಗೆ ಇಳಿಯದು. ಏರುವ ಬೆಲೆಗೆ ಮೇಲೆ ಸೂರಿಲ್ಲ.

ಆಸೆ ಹುಟ್ಟುವುದು ಸಹಜ. 2009ರ ಜನವರಿ 7ರಂದು ಈ ಊರಿನದೇ ಆದ ಸತ್ಯಂ ಕಂಪನಿಯ ಷೇರು ಒಂದೇ ದಿನದಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಮಿಗಿಲಾಗಿ ಕುಸಿಯಿತು. ಮುಂಚೆ ಮಾರಿಟ್ಟಿದ್ದರೆ ಎಂದು ಎಷ್ಟು ಜನ ಅಂದುಕೊಂಡರೋ! ಆದರೆ ಸೆಬಿ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ನೋಡಬೇಕು. 2022-23ರಲ್ಲಿ ಅದೇ ದಿನ ಕೊಂಡು ಮಾರುವ ವ್ಯಾಪಾರ ನಡೆಸಿದ ಸಾಮಾನ್ಯರಲ್ಲಿ ಹತ್ತರಲ್ಲಿ ಏಳು ಮಂದಿ ನಷ್ಟಪಟ್ಟರು.

ಕೈಯಲ್ಲಿಲ್ಲದ ಷೇರನ್ನು ಮಾರಲು ನಮ್ಮಲ್ಲಿ ಎರಡು ದಾರಿಗಳಿವೆ. ಫ್ಯೂಚರ್ಸ್ ಎಂಬುದು ಕರಾರಿನ ವ್ಯಾಪಾರ. ಅದನ್ನು ಇಲ್ಲಿ ಬಿಟ್ಟಿದ್ದೇವೆ. ಮೊದಲನೆಯದು, ಬೆಳಿಗ್ಗೆ ಮಾರಿ ಅದೇ ದಿನ ಪೇಟೆ ಮುಚ್ಚುವುದರೊಳಗೆ ಕೊಳ್ಳುವುದು. ಇದಕ್ಕೆ ಯಾರ ಷೇರೂ ಬೇಕಿಲ್ಲ. ಆದರೆ ಬೆಲೆ ದಿನದ ಮೇಲ್ಮಿತಿ ಮುಟ್ಟಿ ಮಾರುವವರೇ ಇಲ್ಲದಂತಾದರೆ, ನಾವು ಕೊಡಬೇಕಾದ ಷೇರನ್ನು ಹರಾಜಿನಲ್ಲಿ ಕೊಳ್ಳಲಾಗುತ್ತದೆ. ಅಲ್ಲಿಯ ಬೆಲೆಯನ್ನು ನಾವೇ ತೆರಬೇಕು.

ಎರಡನೆಯದು ನಿಜವಾದ ಕಡ. 2008ರ ಏಪ್ರಿಲ್ 21ರಿಂದ ಷೇರುಪೇಟೆಗಳಲ್ಲಿ ಷೇರಿನ ಕಡ ಕೊಡುವ ಮತ್ತು ತರುವ ವ್ಯವಸ್ಥೆ ನಡೆದುಬಂದಿದೆ. ಕೊಡುವವನು ತಾನಾಗಿ ಒಪ್ಪಿ, ಷೇರೊಂದಕ್ಕೆ ಇಷ್ಟು ಶುಲ್ಕವೆಂದು ಕೇಳುತ್ತಾನೆ. ತರುವವನು ಠೇವಣಿ ಕಟ್ಟುತ್ತಾನೆ. ಪೇಟೆಯ ತೀರುವಳಿ ಸಂಸ್ಥೆ ನಡುವೆ ನಿಂತು ಇಬ್ಬರಿಗೂ ಭರವಸೆ ಕೊಡುತ್ತದೆ. ಎಂದಮೇಲೆ ಷೇರು ದಲ್ಲಾಳಿಯ ಕಣಜದ್ದಲ್ಲ. ಅವನು ಬಾಗಿಲು ತೆರೆಯುವವನು ಮಾತ್ರ. ಎಲ್ಲ ಷೇರುಗಳೂ ಕಡಕ್ಕೆ ಸಿಗವು. ಪಟ್ಟಿಯಲ್ಲಿದ್ದರೂ ಕೊಡುವವರು ಇಲ್ಲದ ದಿನಗಳುಂಟು. "ಯಾವ ಷೇರು ಬೇಕಾದರೂ, ಯಾವಾಗ ಬೇಕಾದರೂ ನಮ್ಮಲ್ಲಿದೆ" ಎನ್ನುವ ದಲ್ಲಾಳಿಯ ಮಾತು ಕೇಳಿದರೆ ಹಿಗ್ಗಬಾರದು, ಎಚ್ಚರಗೊಳ್ಳಬೇಕು.

ಏಕೆಂದರೆ ಕಾವಲಿಗೆ ಕೊಟ್ಟ ಕಾಳನ್ನು ತನ್ನದೆಂದು ಬಗೆದರೆ ಏನಾಗುವುದೆಂಬುದನ್ನು ಈ ಊರು ಕಂಡಿದೆ. 2019ರ ನವೆಂಬರ್ 22ರಂದು ಸೆಬಿಯು ಹೈದರಾಬಾದಿನ ಕಾರ್ವಿ ಸ್ಟಾಕ್ ಬ್ರೋಕಿಂಗ್ ಸಂಸ್ಥೆ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ತಡೆಯಿತು. ಗ್ರಾಹಕರ ಷೇರುಗಳನ್ನು ಒತ್ತೆಯಿಟ್ಟು ಸಾಲ ತಂದದ್ದು ಅದರ ಮೇಲಿನ ಆರೋಪ. ಅವುಗಳ ಬೆಲೆ ಸುಮಾರು 2,300 ಕೋಟಿ ರೂಪಾಯಿ. ಡಿಸೆಂಬರಿನಲ್ಲಿ 80,000ಕ್ಕೂ ಹೆಚ್ಚು ಗ್ರಾಹಕರಿಗೆ ಷೇರುಗಳು ಮರಳಿದವು. 2020ರ ನವೆಂಬರಿನಲ್ಲಿ ಸಂಸ್ಥೆಯನ್ನು ಎನ್.ಎಸ್.ಇ. ಬಾಕಿದಾರನೆಂದು ಸಾರಿ ಹೊರಹಾಕಿತು. ಸಂಸ್ಥೆ ದೊಡ್ಡದು, ಹೆಸರು ಹಳೆಯದು ಎಂಬುದು ಗ್ರಾಹಕರನ್ನು ಕಾಯಲಿಲ್ಲ.

ಆದುದರಿಂದ ಖಾತೆ ತೆರೆಯುವ ಮುನ್ನ ನಾಲ್ಕು ಮಾತು ಕೇಳಿ. ಒಂದು: ಸೆಬಿಯ ನೋಂದಣಿ ಇದೆಯೇ, ಷೇರಿನ ಕಡದ ವಿಭಾಗದಲ್ಲಿ ನೀವು ಸದಸ್ಯರೇ? ಎರಡು: ಇಂದು ಯಾವ ಷೇರಿಗೆ ಕೊಡುವವರಿದ್ದಾರೆ, ಶುಲ್ಕವೆಷ್ಟು, ನಿಮ್ಮ ದಲ್ಲಾಳಿ ಎಷ್ಟು? ಮೂರು: ಠೇವಣಿ ಸಾಲದಾದರೆ ಎಷ್ಟು ಹೊತ್ತಿನಲ್ಲಿ ನಮ್ಮ ವ್ಯವಹಾರ ಮುಚ್ಚುವಿರಿ? ನಾಲ್ಕು: ನಡುವೆ ಕಂಪನಿ ಡಿವಿಡೆಂಡು ಕೊಟ್ಟರೆ ನಮ್ಮಿಂದ ಎಷ್ಟು ಹಿಡಿಯುವಿರಿ? ಆ ಹಣ ಕಡ ಕೊಟ್ಟವನಿಗೆ ಸಲ್ಲಬೇಕಾದದ್ದು. ಉತ್ತರಗಳನ್ನು ಬರೆಹದಲ್ಲೇ ಪಡೆಯಿರಿ.

ನಮ್ಮ ಷೇರನ್ನು ನಾವೇ ಠೇವಣಿಯಾಗಿ ಇಡುವುದಾದರೆ, 2020ರ ಸೆಪ್ಟೆಂಬರ್ 1ರಿಂದ ಅದು ನಮ್ಮ ಡಿಮ್ಯಾಟ್ ಖಾತೆಯಲ್ಲೇ ಒತ್ತೆಯಾಗಿ ಉಳಿಯಬೇಕು. ಒಪ್ಪಿಗೆಯ ಸಂಖ್ಯೆ ನಮ್ಮ ಫೋನಿಗೇ ಬರುತ್ತದೆ. ಅದನ್ನು ದಲ್ಲಾಳಿಯ ಗುಮಾಸ್ತನಿಗೆ ಓದಿ ಹೇಳಬೇಡಿ. ಡಿಪಾಜಿಟರಿಯಿಂದ ನೇರವಾಗಿ ಬರುವ ಲೆಕ್ಕಪಟ್ಟಿಯನ್ನು ದಲ್ಲಾಳಿಯ ಪಟ್ಟಿಯೊಡನೆ ತಾಳೆ ನೋಡಿ. ಇಂಗ್ಲಿಷು ತೊಡಕಾದರೆ ವಾಚನಾಲಯಕ್ಕೆ ತನ್ನಿ, ಒಟ್ಟಿಗೆ ಕುಳಿತು ಓದೋಣ.

ಇನ್ನೊಂದು ಮಾತು. ವರ್ಷಗಟ್ಟಲೆ ಮಾರದೆ ಇಟ್ಟುಕೊಂಡ ಷೇರುಳ್ಳವರು ಕಡ ತರುವವರಾಗುವುದಕ್ಕಿಂತ ಕೊಡುವವರಾಗಬಹುದು. ಬರುವ ಶುಲ್ಕ ಚಿಕ್ಕದು, ಆದರೆ ನಿದ್ದೆ ಕೆಡುವುದಿಲ್ಲ. ಮನೆಗೆ ಕಳಿಸಬೇಕಾದ ಹಣವನ್ನು, ಮಕ್ಕಳ ಶಾಲೆಯ ಹಣವನ್ನು ಬೆಲೆ ಇಳಿಯುವುದೆಂಬ ಊಹೆಗೆ ಒಡ್ಡಬಾರದು.

ಯಾರ ಷೇರು, ಯಾರ ಒಪ್ಪಿಗೆ ಎಂಬುದಕ್ಕೆ ಅಳುಕದೆ ಉತ್ತರ ಕೊಡುವವನೇ ಒಳ್ಳೆಯ ದಲ್ಲಾಳಿ.