ಎರಡು ಕಡತಗಳ ನಡುವಿನ ಹೃದಯ
(ಸಂಘದ ಆರೋಗ್ಯ ಶಿಬಿರದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಕೇಂದ್ರ ಸರಕಾರದ ಕಡತಗಳ ನಡುವೆ ಆಯುಷ್ಯ ಸವೆಸಿದವನು. ಆದರೂ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ.

ನಾನು ಈ ಮುಂಬಯಿ ನಗರಕ್ಕೆ ಬಂದ 1990ರ ದಶಕದಲ್ಲಿ, ಕರಾವಳಿಯಿಂದ ಬಂದು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿದ್ದ ಗೆಳೆಯರೊಬ್ಬರಿಗೆ ಎಚ್‌ಐವಿ ಸೋಂಕಿರುವುದು ತಿಳಿಯಿತು. ಅಂದಿಗೆ ಅದು ಮರಣಶಾಸನವೇ ಸರಿ. 2004ರ ಏಪ್ರಿಲ್‌ನಲ್ಲಿ ಸರಕಾರವು ಉಚಿತ ಔಷಧ ವಿತರಣೆ ಆರಂಭಿಸಿತು, ಇಲ್ಲಿಯ ಜೆ.ಜೆ. ಆಸ್ಪತ್ರೆಯು ಮೊದಲ ಕೇಂದ್ರಗಳಲ್ಲಿ ಒಂದು. ಗೆಳೆಯರು ಬದುಕಿದರು. ಡೊಂಬಿವಲಿಯ ಮನೆಯಲ್ಲಿ ಮೊಮ್ಮಗುವನ್ನು ಎತ್ತಿ ಆಡಿಸಿದರು. ಕೊನೆಗೆ ಅವರನ್ನು ಒಯ್ದದ್ದು ಹೃದಯಾಘಾತ.

ಎದೆನೋವಿಗೆ ನೋಡುತ್ತಿದ್ದ ವೈದ್ಯರಿಗೆ ಅವರು ಸೋಂಕಿನ ವಿಷಯ ತಿಳಿಸಿರಲಿಲ್ಲ. ಸೋಂಕಿಗೆ ಔಷಧ ಕೊಡುವಲ್ಲಿ ಎದೆನೋವಿನ ಮಾತೆತ್ತಿರಲಿಲ್ಲ. ಎರಡು ಕಡತಗಳು ಒಂದೇ ಮೇಜಿಗೆ ಬರಲೇ ಇಲ್ಲ. ಇದು ನನಗೆ ಗೊತ್ತಿತ್ತು. ಅವರ ಸಂಕೋಚಕ್ಕೆ ಅಂಜಿ ನಾನೂ ಒತ್ತಾಯಿಸಲಿಲ್ಲ.

ರಕ್ತನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ತೆಳುವಾದ ಪದರವಿದೆ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉತ್ಪಾದಿಸಿ ನಾಳವನ್ನು ಸಡಿಲವಾಗಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕಾಯುತ್ತದೆ. ಔಷಧದಿಂದ ವೈರಾಣು ಅಡಗಿದರೂ ದೇಹದ ರಕ್ಷಣಾ ವ್ಯವಸ್ಥೆ ಪೂರ್ಣವಾಗಿ ಶಾಂತವಾಗುವುದಿಲ್ಲ. ಸೋಂಕಿನಿಂದ ಜಖಂಗೊಂಡ ಕರುಳಿನ ಗೋಡೆಯ ಮೂಲಕ ಸೂಕ್ಷ್ಮಾಣುಗಳ ಅಂಶಗಳು ರಕ್ತಕ್ಕೆ ಜಿನುಗುತ್ತವೆ. ಉರಿಯೂತ ಬೂದಿ ಮುಚ್ಚಿದ ಕೆಂಡದಂತೆ ಉಳಿಯುತ್ತದೆ. ಆ ತೆಳುಪದರ ಸೊರಗುತ್ತದೆ, ನಾಳ ಬಿಗಿಯುತ್ತದೆ, ಕೊಬ್ಬು ಮನೆಮಾಡುತ್ತದೆ. ಹಳೆಯ ಕೆಲವು ಔಷಧಗಳು ರಕ್ತದ ಕೊಬ್ಬನ್ನು ಏರಿಸುತ್ತಿದ್ದುದೂ ಉಂಟು. ಧೂಮಪಾನ, ಸಕ್ಕರೆ ಕಾಯಿಲೆ ಸೇರಿದರೆ ಹೇಳುವುದೇ ಬೇಡ. ಸೋಂಕಿತರಲ್ಲಿ ಹೃದಯಾಘಾತದ ಸಂಭವ ಇತರರಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು.

ಇದಕ್ಕೆ ಉಪಾಯವಿಲ್ಲವೆಂದಲ್ಲ. ಭಾರತೀಯರೂ ಸೇರಿದಂತೆ 7,769 ಸೋಂಕಿತರ ಮೇಲೆ ನಡೆದು 2023ರಲ್ಲಿ ಪ್ರಕಟವಾದ 'ರಿಪ್ರೀವ್' ಅಧ್ಯಯನದಲ್ಲಿ, ಪಿಟವಾಸ್ಟಾಟಿನ್ ಎಂಬ ದಿನಕ್ಕೊಂದು ಮಾತ್ರೆಯಿಂದ ಹೃದಯ-ರಕ್ತನಾಳಗಳ ದೊಡ್ಡ ಅವಘಡಗಳು ಶೇ. 35ರಷ್ಟು ತಗ್ಗಿದವು. ಆದರೆ ಇದೇ ವರ್ಗದ ಸಿಮ್ವಾಸ್ಟಾಟಿನ್, ಕೆಲವು ಎಚ್‌ಐವಿ ಔಷಧಗಳೊಡನೆ ಸೇರಿದರೆ ಅಪಾಯಕಾರಿ. ವೈದ್ಯರಿಗೆ ಎಲ್ಲವೂ ತಿಳಿದಿರಬೇಕು ಎನ್ನುವುದು ಇದಕ್ಕಾಗಿಯೇ.

2017ರ ಎಚ್‌ಐವಿ ಕಾಯಿದೆಯು ರೋಗಿಯ ಗೌಪ್ಯವನ್ನು ರಕ್ಷಿಸುತ್ತದೆ, ಚಿಕಿತ್ಸೆಯಲ್ಲಿ ಭೇದವನ್ನು ನಿಷೇಧಿಸುತ್ತದೆ. ಗೌಪ್ಯ ಬೇರೆ, ಮೌನ ಬೇರೆ. ಊರು ಬಿಟ್ಟು ಬಂದ ನಮಗೆ ಸಂಘವೇ ನೆರೆಹೊರೆ. ಇಲ್ಲಿ ಒಬ್ಬರು ಬಾಯಿಬಿಟ್ಟು ಹೇಳಿಕೊಂಡರೆ, ಅವರ ಜತೆಗೆ ಆಸ್ಪತ್ರೆಯವರೆಗೆ ಹೋಗುವ ಇನ್ನೊಬ್ಬರಿರಲಿ. ಅಂದು ನಾನು ಹೋಗಲಿಲ್ಲ.